ಮುಂದಿನ ಹಲಗೆಯ ಭಾರ

ಭೂಮಿ ತನ್ನ ಅಚ್ಚಿನ ಮೇಲೆ ಸ್ವಲ್ಪ ಓರೆಯಾಗಿ ತಿರುಗುತ್ತದೆ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಯಾಕೆ ಓರೆ ಎಂದು ಕೇಳಿದರೆ ಮೇಷ್ಟರು ಗಂಟಲು ಸರಿಮಾಡಿಕೊಂಡು ಏನೇನೋ ಹೇಳುತ್ತಾರೆ. ನಮ್ಮ ದಡದ ಜನಕ್ಕೆ ನಿಜವಾದ ಕಾರಣ ಗೊತ್ತು. ಭೂಮಿಯನ್ನು ಮಾಡುವಾಗ ಯಾರೂ ನಮ್ಮ ಅತ್ತಿಗೆಯನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅವರು ಸೊಂಟಕ್ಕೆ ಕೈಯಿಟ್ಟು, ಕಣ್ಣು ಕಿರಿದು ಮಾಡಿ ನೋಡಿ, "ಆ ದಪ್ಪ ಬೆಟ್ಟ ಇದೆಯಲ್ಲ, ಅದನ್ನ ಸ್ವಲ್ಪ ಈ ಕಡೆ ಸರಿಸಿ" ಅಂದಿರುತ್ತಿದ್ದರು. ಭೂಮಿ ಬಾಯಿ ಮುಚ್ಚಿಕೊಂಡು ನೆಟ್ಟಗೆ ತಿರುಗುತ್ತಿತ್ತು.

ಅತ್ತಿಗೆ ಎಲ್ಲಿ ಹೋದರೂ ಜನರನ್ನು ತೂಕ ನೋಡಿ ಕೂರಿಸುತ್ತಾರೆ. ಸೋಫಾ ಆಗಲಿ, ಆಸ್ಪತ್ರೆಯ ಬೆಂಚಾಗಲಿ, ಫೋಟೊ ಸ್ಟುಡಿಯೋದ ಮೆಟ್ಟಿಲಾಗಲಿ, ಅವರು ಕಾಲಿಟ್ಟ ಮೇಲೆ ಯಾರೂ ಕೂತಲ್ಲೇ ಕೂತಿರುವಂತಿಲ್ಲ. ಒಮ್ಮೆ ದಿಬ್ಬ ಹತ್ತಲಾರದೆ ಕೆಮ್ಮುತ್ತಿದ್ದ ಬಸ್ಸಿನಲ್ಲಿ, ಹಿಂದಿನ ಸೀಟಿನ ತುಂಬ ಕೂತಿದ್ದ ಹಿಟ್ಟಿನ ಗಿರಣಿಯವನನ್ನು ಎಬ್ಬಿಸಿ ಮುಂದೆ ಕಳಿಸಿದರಂತೆ. ಬಸ್ಸು ಗಂಟಲು ಸರಿಹೋದವನಂತೆ ಹಾಡುತ್ತಾ ದಿಬ್ಬ ಹತ್ತಿತಂತೆ. ಡ್ರೈವರು ಇಳಿದು ಬಂದು ಸೆಲ್ಯೂಟ್ ಹೊಡೆದ ಎನ್ನುವವರಿದ್ದಾರೆ, ಬರೀ ಹಾರ್ನ್ ಹೊಡೆದ ಎನ್ನುವ ಹೊಟ್ಟೆಕಿಚ್ಚಿನವರೂ ಇದ್ದಾರೆ. ನಮ್ಮ ದಡದ ನಿವಾಸಿಗಳ ಸಂಘದ ಸಭೆಯಲ್ಲಿ ಅಧ್ಯಕ್ಷರನ್ನೇ ವೇದಿಕೆಯ ಮೂಲೆಯಿಂದ ಎಬ್ಬಿಸಿ ನಟ್ಟನಡುವೆ ಕೂರಿಸಿದರು. ಅಂದಿನಿಂದ ಸಂಘದ ತೀರ್ಮಾನಗಳೂ ಒಂದೇ ಕಡೆ ವಾಲುವುದನ್ನು ಬಿಟ್ಟಿವೆ. ಇದು ಮಾತ್ರ ನಾನೇ ಕಣ್ಣಾರೆ ಕಂಡದ್ದು.

ಈ ವಿದ್ಯೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅತ್ತಿಗೆ ಹುಟ್ಟಿದ್ದು ನೀರಿಲ್ಲದ ಕಡೆ. ಅವರ ತವರಿನಲ್ಲಿ ಎಲ್ಲಕ್ಕಿಂತ ದೊಡ್ಡ ಜಲರಾಶಿ ಎಂದರೆ ಹಿತ್ತಲಿನ ಬಟ್ಟೆ ಒಗೆಯುವ ತೊಟ್ಟಿ. ಮದುವೆಯಾಗಿ ನಮ್ಮಣ್ಣನ ದೋಣಿ ಹತ್ತಿದ ಮೊದಲ ದಿನ, ಎರಡೂ ಕೈಯಲ್ಲಿ ಪೆಟ್ಟಿಗೆ ಅವುಚಿಕೊಂಡು, "ಎಲ್ಲಿ ಕೂತ್ಕೊಳ್ಳಲಿ?" ಎಂದು ಕೇಳಿದರಂತೆ. ಅಣ್ಣ ಮೋಟರಿನ ಹಗ್ಗ ಜಗ್ಗುತ್ತಾ, ತಿರುಗಿಯೂ ನೋಡದೆ, "ಎಲ್ಲಾದ್ರೂ ಕೂತ್ಕೋ, ಮುಂದೆ" ಅಂದ. ಅತ್ತಿಗೆ ದೋಣಿಯ ಮೂತಿಯ ಹತ್ತಿರದ ಹಲಗೆಯ ಮೇಲೆ ಕೂತರು. ಕೂತವರು ವರ್ಷಗಟ್ಟಲೆ ಅಲ್ಲಿಂದ ಏಳಲಿಲ್ಲ.

ನಮ್ಮದು ಹೊಳೆ ಕಡಲಿಗೆ ಸೇರುವ ಅಳಿವೆಯ ಒಂದು ದಡ. ಮನೆ, ಬಾವಿ, ಶಾಲೆ, ಜಗಳ ಎಲ್ಲ ಈ ಕಡೆ. ಆಸ್ಪತ್ರೆ, ಮಾರುಕಟ್ಟೆ, ಜಗಳ ತೀರಿಸುವ ಕೋರ್ಟು ಎಲ್ಲ ಆ ಕಡೆ. ನಡುವೆ ನೀರು. ಆ ನೀರಿನ ಮೇಲೆ ಜನರನ್ನೂ ಸಾಮಾನನ್ನೂ ದಾಟಿಸುವುದು ಅಣ್ಣನ ಕೆಲಸ. ಆಚೆ ದಡದ ದರ್ಜಿ ಕಾರ್ಖಾನೆಯಿಂದ ಅಂಗಿಗಳನ್ನು ತಂದು ಗುಂಡಿ ಹೊಲಿದು ಕೊಡುವುದು ಅತ್ತಿಗೆಯ ಕೆಲಸ. ಹೋಗುವಾಗ ಗುಂಡಿ ಇರುವ ಅಂಗಿ, ಬರುವಾಗ ಗುಂಡಿ ಇಲ್ಲದ ಅಂಗಿ. ಹೋಗುತ್ತಾ ಬರುತ್ತಾ ಮುಂದಿನ ಹಲಗೆಯ ಮೇಲೆ ಅವರು, ಮಡಿಲಲ್ಲಿ ಗುಂಡಿಯ ಡಬ್ಬಿ, ಕೈಯಲ್ಲಿ ಸೂಜಿ.

ಇದೇ ಅಣ್ಣನ ಜಂಬಕ್ಕೆ ಮೂಲ. ಉಳಿದವರ ದೋಣಿಗಳು ಅಲೆಯ ಮೇಲೆ ಕಪ್ಪೆಯಂತೆ ಕುಪ್ಪಳಿಸುತ್ತಿದ್ದರೆ ಅಣ್ಣನದು ಜಾರಿಕೊಂಡು ಹೋಗುತ್ತಿತ್ತು. ದೋಣಿ ಕಟ್ಟುವ ಕಟ್ಟೆಯ ಮೇಲೆ ನಿಂತು ಅವನು ಸಾರುತ್ತಿದ್ದ: "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡುತ್ತೆ ನನ್ನ ದೋಣಿ. ನನ್ನ ಹೆಂಡ್ತಿ ನಡುನೀರಲ್ಲಿ ಕೂತು ಸೂಜಿಗೆ ದಾರ ಪೋಣಿಸ್ತಾಳೆ, ಬೇಕಾದ್ರೆ ಬಂದು ನೋಡಿ. ಎಲ್ಲಾ ಇದರಲ್ಲಿದೆ." 'ಇದರಲ್ಲಿ' ಅನ್ನುವಾಗ ತನ್ನ ಬಲಗೈಯನ್ನು ಎತ್ತಿ ತೋರಿಸುತ್ತಿದ್ದ. ಕೈಗುಣ ಅಂದರೆ ಇದು ಅಂತ ಊರೆಲ್ಲ ಒಪ್ಪಿಕೊಂಡಿತ್ತು. ಅತ್ತಿಗೆ ಹಲ್ಲಿನಿಂದ ದಾರ ಕಡಿದು ಇನ್ನೊಂದು ಅಂಗಿ ತೆಗೆದುಕೊಳ್ಳುತ್ತಿದ್ದರು.

ಆ ಬಲಗೈಯೇ ಒಂದು ಬೆಳಿಗ್ಗೆ ಭುಜದಿಂದ ಮೇಲೆ ಏಳಲಿಲ್ಲ. ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರ ಚೀಲ ಇಟ್ಟದ್ದಾಯಿತು. ಭುಜ ಹಿಡಿದುಕೊಂಡಿದೆ, ತಿಂಗಳುಗಟ್ಟಲೆ ಮೋಟರ್ ಮುಟ್ಟಬಾರದು ಎಂದರು ಡಾಕ್ಟರು. ಅಣ್ಣ ಜಗುಲಿಯಲ್ಲಿ ಕೂತು ಎಡಗೈಯಿಂದ ತಿನ್ನುವುದನ್ನು ಅಭ್ಯಾಸ ಮಾಡಿದ. ಅಭ್ಯಾಸ ಎಷ್ಟು ಚೆನ್ನಾಗಿ ಕೈಹಿಡಿಯಿತೆಂದರೆ ಕೆಲವೇ ದಿನದಲ್ಲಿ ಹೊಟ್ಟೆ ಅವನಿಗಿಂತ ಮೊದಲೇ ಬಾಗಿಲು ದಾಟತೊಡಗಿತು.

ಇದೇ ಹೊತ್ತಿಗೆ ಅಮ್ಮನ ಕಣ್ಣಿನ ವಿಷಯ ಬಂತು. ಅಮ್ಮನಿಗೆ ಇದ್ದದ್ದೇ ಒಂದು ಕಣ್ಣು. ಇನ್ನೊಂದು ಚಿಕ್ಕಂದಿನಲ್ಲೇ ಜ್ವರದಲ್ಲಿ ಹೋಗಿತ್ತು. ಉಳಿದ ಒಂದರಲ್ಲೇ ಅವಳು ಇಡೀ ಮನೆಯವರ ತಪ್ಪುಗಳನ್ನು ನೋಡಿ ಮುಗಿಸುತ್ತಿದ್ದಳು. ಎರಡೂ ಇದ್ದಿದ್ದರೆ ನಾವು ಯಾರೂ ಬದುಕುತ್ತಿರಲಿಲ್ಲ. ಆ ಒಂದೂ ಮಂಜು ಕವಿದ ಗಾಜಿನ ಹಾಗಾಗಿತ್ತು. ಆಚೆ ದಡದ ಕಣ್ಣಿನ ಡಾಕ್ಟರಮ್ಮ ಹೇಳಿದರು: ಕಣ್ಣಿನ ಮುಂದಿನ ಪೊರೆ ಹಾಳಾಗಿದೆ, ಯಾರಾದರೂ ದಾನ ಮಾಡಿದ ಪೊರೆ ತಂದು ಕೂರಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯಬೇಕು. ದಾನದ ಕಣ್ಣು ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದ ದಿನ ಫೋನ್ ಮಾಡುತ್ತೇವೆ, ಅವತ್ತೇ ಬರಬೇಕು.

"ಹೊಲಿದ ಮೇಲೆ ತಲೆಗೆ ಒಂದು ಸಣ್ಣ ಪೆಟ್ಟೂ ಬೀಳಬಾರದು. ಕುಲುಕಾಟ ಬೇಡವೇ ಬೇಡ. ಹೊಲಿಗೆ ಸಡಿಲ ಆದ್ರೆ ಈ ಕಣ್ಣೂ ಹೋಗುತ್ತೆ. ನೀರು ದಾಟಿ ಹೋಗೋರು ನೀವು. ಸ್ವಲ್ಪ ದಿನ ಇಲ್ಲೇ ರೂಮ್ ಮಾಡಿಕೊಂಡು ಇದ್ರೆ ಒಳ್ಳೇದು" ಎಂದರು ಡಾಕ್ಟರಮ್ಮ.

"ಯಾರ್ಯಾರೋ ತಲೆ ಇಟ್ಟ ದಿಂಬಿನ ಮೇಲೆ ನಾನು ತಲೆ ಇಡೋದಾ? ಕಣ್ಣು ಹೋದ್ರೂ ಪರವಾಗಿಲ್ಲ" ಎಂದಳು ಅಮ್ಮ.

ಅಲ್ಲಿಗೆ ಆ ಮಾತು ಮುಗಿಯಿತು. ನಮ್ಮನೆಯಲ್ಲಿ ಅಮ್ಮ ಮುಗಿಸಿದ ಮಾತನ್ನು ಮತ್ತೆ ತೆರೆದವರಿಲ್ಲ.

ಹಾಗಾದರೆ ಅವಳನ್ನು ವಾಪಸ್ ತರುವವರು ಯಾರು? ದೊಡ್ಡ ಲಾಂಚು ತಳ ತೂತಾಗಿ ರಿಪೇರಿಗೆ ಹೋಗಿತ್ತು. ಬೇರೆಯವರ ಕಪ್ಪೆ ದೋಣಿಗಳಲ್ಲಿ ತಂದರೆ ಹೊಲಿಗೆಯೇನು, ಹಲ್ಲೂ ಉಳಿಯುವಂತಿಲ್ಲ. ಬೇರೆಯವರ ಕೈಗೆ ತನ್ನ ಮೋಟರ್ ಕೊಡುವುದೆಂದರೆ ಅಣ್ಣನಿಗೆ ತನ್ನ ಹಲ್ಲುಜ್ಜುವ ಬ್ರಷ್ ಕೊಟ್ಟ ಹಾಗೆ. ಇನ್ನು ನಾನು. ಅಂಗಡಿಗಳಿಗೆ ಬೋರ್ಡು ಬರೆಯುವವನು. ದೋಣಿ ಅಂತ ಬರೆಯಲು ಬರುತ್ತದೆ.

"ನಾನು ಹಿಡೀತೀನಿ" ಎಂದರು ಅತ್ತಿಗೆ.

ಎಲ್ಲರೂ ಅವರ ಕಡೆ ತಿರುಗಿದೆವು. ಅವರು ಗುಂಡಿಯಿಂದ ತಲೆ ಎತ್ತಿರಲಿಲ್ಲ.

"ಏನು ಹಿಡೀತೀಯಾ?" ಎಂದ ಅಣ್ಣ.

"ಮೋಟರು."

"ಯಾರು, ಗುಂಡಿ ಹೊಲಿಯೋಳಾ?" ಅಮ್ಮ ಮಂಜುಗಣ್ಣನ್ನು ದನಿ ಬಂದ ಕಡೆ ತಿರುಗಿಸಿದಳು. "ಸೈಕಲ್ ಕಲೀತೀನಿ ಅಂತ ಹೋಗಿ ಕಾಂಪೌಂಡಿಗೆ ಗುದ್ದಿದವಳಲ್ವಾ ನೀನು? ಗೋಡೆ ಇನ್ನೂ ವಾಲಿದೆ."

"ನೀರಲ್ಲಿ ಗೋಡೆ ಇರಲ್ಲ ಅತ್ತೆ."

ಅತ್ತಿಗೆಯ ಮೊದಲ ಸವಾರಿಯನ್ನು ನೋಡಲು ಕಟ್ಟೆಯ ಮೇಲೆ ಒಂದು ಮದುವೆಯಷ್ಟು ಜನ ಸೇರಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಅಣ್ಣನ ಜಾಗದಲ್ಲಿ, ಹಿಂದೆ, ಮೋಟರಿನ ಪಕ್ಕ ಕೂತರು. ನನ್ನನ್ನು ನಡುವೆ ಕೂರಿಸಿದರು. ಅಣ್ಣ ಕಟ್ಟೆಯ ಮೇಲಿಂದ ಬಾಯಲ್ಲೇ ಮೋಟರ್ ನಡೆಸುತ್ತಿದ್ದ. "ಹಗ್ಗ ಮೆಲ್ಲಗೆ ಎಳಿ. ಮೆಲ್ಲಗೆ ಅಂದ್ನಲ್ಲ! ಜೋರಾಗಿ ಎಳಿ. ಹಿಡಿ ತಿರುಗಿಸು. ಅಷ್ಟಲ್ಲ! ಇನ್ನೂ ಸ್ವಲ್ಪ!"

ಅತ್ತಿಗೆ ಹಿಡಿ ತಿರುಗಿಸಿದರು. ಮೋಟರು ಗುಡುಗಿತು. ಮರುಕ್ಷಣ ನನ್ನ ಕಣ್ಣ ಮುಂದೆ ಆಚೆ ದಡ ಇರಲಿಲ್ಲ, ನೀರಿರಲಿಲ್ಲ, ಬರೀ ಆಕಾಶವಿತ್ತು. ದೋಣಿಯ ಮೂತಿ, ಎತ್ತರದಲ್ಲಿರುವ ಯಾರಿಗೋ ದೂರು ಹೇಳಲು ಹೊರಟಂತೆ, ಮೇಲೆದ್ದು ನಿಂತಿತ್ತು. ಹಿಂದೆ ಅತ್ತಿಗೆ ಸೊಂಟದವರೆಗೆ ನೊರೆಯಲ್ಲಿ. ನಾನು ಹಲಗೆಯಿಂದ ಜಾರಿ ಅವರ ಕಾಲ ಬುಡಕ್ಕೆ ಬಂದು ತಲುಪಿದೆ. ಆಗ ಮೂತಿ ಇನ್ನೂ ಮೇಲೆದ್ದಿತು.

ಹೇಗೋ ದಡ ಮುಟ್ಟಿದೆವು. ಅಮ್ಮನಿಗೆ ಸುದ್ದಿ ನಮಗಿಂತ ಮೊದಲೇ ತಲುಪಿತ್ತು.

"ದೋಣಿನೇ ಓರೆ ಆಗಿದೆ ಅತ್ತೆ" ಎಂದರು ಅತ್ತಿಗೆ, ಸೆರಗು ಹಿಂಡುತ್ತಾ.

"ಹೌದಮ್ಮ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಈ ಗಾದೆ ಹುಟ್ಟಿದ ದಿನದಿಂದ ಕುಣಿಯುವವಳ ಮಾತು ನಿಜವಾಗಿದ್ದದ್ದು ಅದೊಂದೇ ಸಲ. ನೆಲ ಡೊಂಕೇ ಆಗಿತ್ತು. ಅದನ್ನು ಕಂಡುಹಿಡಿದವನು ಕಟ್ಟೆಯ ಮೋಟರ್ ಮೆಕ್ಯಾನಿಕ್. ಸದಾ ಕೈಯಲ್ಲೊಂದು ಸ್ಪ್ಯಾನರ್ ಹಿಡಿದು ಅದರಲ್ಲೇ ಬೆನ್ನು ಕೆರೆದುಕೊಳ್ಳುವುದರಿಂದ ಊರೆಲ್ಲ ಅವನನ್ನು ಕರೆಯುವುದೂ ಸ್ಪ್ಯಾನರ್ ಎಂದೇ. ಅವನು ದೋಣಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಮೋಟರ್ ಸಿಕ್ಕಿಸುವ ಕಬ್ಬಿಣದ ಹಿಡಿಕೆಯನ್ನು ಬಗ್ಗಿ ನೋಡಿದ. ಅದರಲ್ಲಿ ಸಾಲಾಗಿ ತೂತುಗಳು. ಹೊರಗಿನ ಕಡೆಯ ಒಂದು ತೂತಲ್ಲಿ ಬೆರಳು ಗಾತ್ರದ ಪಿನ್ನು. ಎಳೆದ, ಬರಲಿಲ್ಲ. ಎಣ್ಣೆ ಬಿಟ್ಟ, ಬರಲಿಲ್ಲ. ಸುತ್ತಿಗೆಯಿಂದ ಬಡಿದ, ತುಕ್ಕು ಉದುರಿತು, ಪಿನ್ನು ಬರಲಿಲ್ಲ.

"ಅಣ್ಣೋ, ಈ ಪಿನ್ ಕೊನೇ ಸಲ ತೆಗೆದದ್ದು ಯಾವಾಗ?"

"ಯಾವ ಪಿನ್ನು?" ಎಂದ ಅಣ್ಣ.

ಸ್ಪ್ಯಾನರ್ ಎದ್ದು ನಿಂತ. ಮೋಟರನ್ನು ನೋಡಿದ, ಮುಂದಿನ ಹಲಗೆಯನ್ನು ನೋಡಿದ. ಆ ಹಲಗೆಯ ನಡುಭಾಗ ವರ್ಷಗಟ್ಟಲೆ ಕೂತು ಕೂತು ನುಣುಪಾಗಿ ಹೊಳೆಯುತ್ತಿತ್ತು. ಆಮೇಲೆ ಅತ್ತಿಗೆಯನ್ನು ನೋಡಿದ. ಸ್ಪ್ಯಾನರ್ ಬೆನ್ನು ಕೆರೆಯುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದ್ದು ಆಗಲೇ.

"ಅಕ್ಕ, ನೀರೊಳಗಿನ ಮೋಟರ್ ಕಾಲನ್ನ ದೋಣಿ ಕಡೆ ಒಳಗೆ ತಳ್ಳಿದ್ರೆ ಮೂತಿ ತಗ್ಗುತ್ತೆ. ಹೊರಗೆ ಬಿಟ್ರೆ ಮೂತಿ ಏಳುತ್ತೆ. ಪಿನ್ ಯಾವ ತೂತಲ್ಲಿದೆಯೋ ಕಾಲು ಅಲ್ಲಿ ನಿಲ್ಲುತ್ತೆ. ಇದಕ್ಕೆ ಟ್ರಿಮ್ ಅಂತಾರೆ. ಭಾರ ಹೆಚ್ಚುಕಮ್ಮಿ ಆದಾಗೆಲ್ಲ ಪಿನ್ ಬದಲಾಯಿಸಬೇಕು. ನಿಮ್ಮ ಯಜಮಾನ್ರು ಒಂದು ದಿನಾನೂ ಬದಲಾಯಿಸಿಲ್ಲ. ಈ ಪಿನ್ನಲ್ಲಿ ಈ ದೋಣಿ ಹಾರಿ ಹಾರಿ ಬೀಳಬೇಕಾಗಿತ್ತು. ಯಾಕೆ ಬೀಳಲಿಲ್ಲ ಹೇಳಿ? ಮುಂದೆ ನೀವು ಕೂತಿದ್ರಿ."

ಬಲಗೈಯ ಕೈಗುಣ, ಬೆಣ್ಣೆಯ ಕೂದಲು, ನಡುನೀರಿನ ಸೂಜಿ, ಎಲ್ಲವೂ ಜನರ ಕಣ್ಣ ಮುಂದೆ ಮೆಲ್ಲಗೆ ಸಾಗಿ ಮುಂದಿನ ಹಲಗೆಯ ಮೇಲೆ ಹೋಗಿ ಕೂತವು. ಮೋಟರಿನ ಟ್ರಿಮ್ಮು ಇಷ್ಟು ವರ್ಷ ಗುಂಡಿ ಹೊಲಿಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ದೋಣಿಯ ಮೂತಿಯಲ್ಲೇ ಇದ್ದ ಗಿಡವನ್ನು ಯಾರೂ ನೋಡಿರಲಿಲ್ಲ, ಸ್ವತಃ ಗಿಡವೂ.

"ತೂಕದ ಲೆಕ್ಕ ಎಲ್ಲಾ ಹೇಳಬೇಡ ಬಿಡು" ಎಂದ ಅಣ್ಣ, ನೋವಿಲ್ಲದ ಭುಜವನ್ನೂ ಉಜ್ಜಿಕೊಳ್ಳುತ್ತಾ.

ಅತ್ತಿಗೆ ಮಾತ್ರ ಪಿನ್ನನ್ನೇ ನೋಡುತ್ತಿದ್ದರು. "ಸರಿಯಾದ ತೂತು ಯಾವುದು?"

"ಅದನ್ನ ದೋಣಿನೇ ಹೇಳುತ್ತೆ ಅಕ್ಕ."

"ಯಾವ ಭಾಷೇಲಿ?"

ಸ್ಪ್ಯಾನರ್ ನಕ್ಕ. ಆದರೆ ಅತ್ತಿಗೆ ತಮಾಷೆಗೆ ಕೇಳಿರಲಿಲ್ಲ.

ಪಿನ್ನನ್ನು ಕೊನೆಗೆ ಗರಗಸದಲ್ಲಿ ಕೊಯ್ದು ತೆಗೆದು ಹೊಸದು ಹಾಕಿದರು. ಅಲ್ಲಿಂದ ಶುರುವಾಯಿತು ಭಾಷೆ ಕಲಿಯುವ ಪಾಠ. ಅಮ್ಮನನ್ನು ಹೇಗೆ ತರಬೇಕೋ ಹಾಗೇ ಅಭ್ಯಾಸ ಆಗಬೇಕು ಎಂದರು ಅತ್ತಿಗೆ. ಅಮ್ಮನ ಬದಲು ನಾನು. ದೋಣಿಯ ಮುಂದಿನ ಅರ್ಧದಲ್ಲಿ ಹಾಸಿಗೆ ಹಾಸಿ ನನ್ನನ್ನು ಅಂಗಾತ ಮಲಗಿಸಿ, ಹಣೆಯ ಮೇಲೆ ನೀರು ತುಂಬಿದ ಸ್ಟೀಲ್ ಬಟ್ಟಲು ಇಟ್ಟರು.

"ಇದು ಅತ್ತೆಯ ಕಣ್ಣು. ಅಲುಗಾಡಬೇಡ" ಎಂದರು.

"ಅಲುಗಾಡೋದು ನಾನಲ್ಲ ಅತ್ತಿಗೆ, ದೋಣಿ."

"ಅದನ್ನ ನಾನು ನೋಡ್ಕೋತೀನಿ. ನೀನು ಕಣ್ಣಾಗಿರು ಸಾಕು."

ಮೊದಲು ಪಿನ್ನನ್ನು ಪೂರ್ತಿ ಒಳಗಿನ ತೂತಿಗೆ ಹಾಕಿದರು. ಆಕಾಶ ನೋಡುತ್ತಿದ್ದ ಮೂತಿ ಈಗ ನೀರು ಉಳತೊಡಗಿತು. ಮೂಗಿಗಿಂತ ಮೂಗುತಿ ಭಾರ. ಹಿಡಿ ಕಲ್ಲಿನಷ್ಟು ಬಿಗಿ. ಅತ್ತಿಗೆ ಒಂದು ಕಡೆ ತಿರುಗಿಸಿದರೆ ದೋಣಿ ಇನ್ನೊಂದು ಕಡೆ ಎಳೆಯಿತು. ಎರಡೂ ಬದಿಯಿಂದ ನೀರು ಎದ್ದು ನನ್ನ ಮೇಲೆ ಸುರಿಯಿತು. ಬಟ್ಟಲಿನ ನೀರು ಚೆಲ್ಲಲಿಲ್ಲ, ನಿಜ; ಹೊಸ ನೀರು ಬಂದು ತುಂಬುತ್ತಿತ್ತು.

ಒಂದು ತೂತು ಹೊರಗೆ ಸರಿಸಿದರು. ಮತ್ತೊಂದು. ಪ್ರತಿ ಸಲವೂ ಮೋಟರ್ ಆರಿಸಬೇಕು, ಎತ್ತಿ ಹಿಡಿಯಬೇಕು, ಪಿನ್ ಬದಲಾಯಿಸಬೇಕು, ಇಳಿಸಬೇಕು, ಹಗ್ಗ ಜಗ್ಗಬೇಕು. ಇನ್ನೂ ಹೊರಗೆ ಹೋದಾಗ ದೋಣಿ ಕುಪ್ಪಳಿಸತೊಡಗಿತು. ಎದ್ದಿತು, ಬಿತ್ತು, ಎದ್ದಿತು, ಬಿತ್ತು. ಅಮ್ಮನ ಕಣ್ಣು ನನ್ನ ಹಣೆಯಿಂದ ಹಾರಿ ಅಳಿವೆಯ ಪಾಲಾಯಿತು. ಕಟ್ಟೆಯ ಮೇಲೆ ಚಪ್ಪಾಳೆ. ಬಟ್ಟಲುಗಳ ಲೆಕ್ಕ ಇಡುವುದನ್ನು ನಾವು ಬಿಟ್ಟೆವು. ಅಡುಗೆಮನೆಯಲ್ಲಿ ತಟ್ಟೆಗಳಷ್ಟೇ ಉಳಿದವು. ತೀರಾ ಹೊರಗಿನ ತೂತಲ್ಲಿ ಮೋಟರು ಗಾಳಿ ಕಚ್ಚಿಕೊಂಡು ಕಿರುಚಿತು. ಶಬ್ದ ಹತ್ತು ದೋಣಿಯದು, ಓಟ ಒಂದು ಮರದ ತುಂಡಿನದು.

"ಏನಂತೆ ದೋಣಿ?" ಎಂದು ಅಮ್ಮ ದಿನಾ ಸಂಜೆ ಕೇಳುತ್ತಿದ್ದಳು. "ಮಾತಾಡ್ತಾ?"

"ಬೈತಾ ಇದೆ ಅತ್ತೆ."

"ಹಾಗಾದ್ರೆ ನಿನ್ನ ಗುರುತು ಸಿಕ್ಕಿದೆ ಅಂತ ಆಯ್ತು."

ಹಾಗೇ ಒಂದು ಮಧ್ಯಾಹ್ನ. ಬಿಸಿಲಿಗೆ ಕಣ್ಣು ಮುಚ್ಚಿ ಮಲಗಿದ್ದೆ. ಅತ್ತಿಗೆ ಮತ್ತೆ ಒಳಗಿನಿಂದ ಎರಡನೆಯ ತೂತಿಗೆ ಪಿನ್ ಹಾಕಿ, ಈ ಸಲ ಹಿಡಿಯನ್ನು ಮೆಲ್ಲಗೆ ತಿರುಗಿಸಿದರು. ಮೂತಿ ಸ್ವಲ್ಪ ಎದ್ದು, ಯೋಚಿಸಿ, ಇಳಿಯಿತು. ಇಷ್ಟು ದಿನ ಗೊಣಗುತ್ತಿದ್ದ ಮೋಟರು ಇದ್ದಕ್ಕಿದ್ದಂತೆ ಗುನುಗತೊಡಗಿತು. ಬೆನ್ನ ಕೆಳಗೆ ಗುದ್ದುತ್ತಿದ್ದ ಹಲಗೆ ಸುಮ್ಮನಾಯಿತು. ನೀರು ದೋಣಿಯನ್ನು ಹೊಡೆಯುವುದನ್ನು ಬಿಟ್ಟು ಸವರಿಕೊಂಡು ಹೋಗುತ್ತಿತ್ತು. ನಾನು ಬಟ್ಟಲು ಬೀಳದಂತೆ ಮೆಲ್ಲಗೆ ಕಣ್ಣು ಹೊರಳಿಸಿ ಹಿಂದೆ ನೋಡಿದೆ. ಅತ್ತಿಗೆ ಹಿಡಿಯ ಮೇಲೆ ಎರಡೇ ಬೆರಳು ಇಟ್ಟಿದ್ದರು, ನಡೆಯಲು ಕಲಿತ ಮಗುವಿಗೆ ಬೆರಳು ಕೊಟ್ಟಂತೆ. ಅವರ ಬಾಯಿ ಅರ್ಧ ತೆರೆದಿತ್ತು. ತೊಟ್ಟಿಯಲ್ಲಿ ಬಟ್ಟೆ ಒಗೆದು ಬೆಳೆದ ಹೆಂಗಸು ಒಂದಿಡೀ ಅಳಿವೆಯನ್ನು ಎರಡು ಬೆರಳಲ್ಲಿ ನಡೆಸಿಕೊಂಡು ಹೋಗುತ್ತಿದ್ದರು.

ಅದಾದ ಎರಡು ದಿನಕ್ಕೆ ಫೋನ್ ಬಂತು. ಯಾರೋ ಒಬ್ಬರು ತಮ್ಮ ಕಣ್ಣು ಬಿಟ್ಟು ಹೋಗಿದ್ದರು.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಅಮ್ಮ ಹಾಸಿಗೆಯ ಮೇಲೆ ಕೂತು ದಾರಿಯುದ್ದಕ್ಕೂ, ಯಾರಿಗೂ ಕಾಣದ ಅಲೆಗಳನ್ನು ಎಣಿಸಿ ದೂರುತ್ತಾ ಬಂದಳು. ಆಪರೇಷನ್ ಆಯಿತು. ಮಾರನೆಯ ದಿನ ಕಣ್ಣಿಗೆ ಬಿಳಿ ಪಟ್ಟಿ, ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಕಟ್ಟಿ ನಮ್ಮ ಕೈಗೆ ಕೊಟ್ಟರು. ಡಾಕ್ಟರಮ್ಮ ಆಸ್ಪತ್ರೆಯ ಬಾಗಿಲವರೆಗೂ ಬಂದರು. "ನೆನಪಿದೆಯಲ್ಲ? ಹೊಲಿಗೆ."

"ಹೊಲಿಗೆ ಗೊತ್ತು" ಎಂದರು ಅತ್ತಿಗೆ.

ಅಮ್ಮನನ್ನು ಹಾಸಿಗೆಯ ಮೇಲೆ ಮಲಗಿಸಿದೆವು. ನಾನು ಅವಳ ತಲೆಯನ್ನು ಎರಡು ಅಂಗೈ ನಡುವೆ ಹಿಡಿದು ಕೂತೆ. ಅಭ್ಯಾಸಬಲದಿಂದ ಪಕ್ಕದಲ್ಲಿ ನೀರು ತುಂಬಿದ ಬಟ್ಟಲೊಂದನ್ನೂ ಇಟ್ಟಿದ್ದೆ. ಹೋಗುವಾಗ ನಡುವೆ ಕೂತಿದ್ದ ಅಣ್ಣ ಈಗ ಹಿಂದಕ್ಕೆ ಹೋಗಿ ಅತ್ತಿಗೆಯ ಪಕ್ಕದಲ್ಲೇ ಹೊಟ್ಟೆ ಸಮೇತ ಸ್ಥಾಪನೆಯಾದ. "ಇದು ಹುಡುಗಾಟ ಅಲ್ಲ. ನಾನು ಹೇಳಿದ ಹಾಗೆ ಮಾಡು" ಎಂದ.

ಅಭ್ಯಾಸದ ಅಷ್ಟೂ ದಿನ ಅಣ್ಣ ಇದ್ದದ್ದು ಕಟ್ಟೆಯ ಮೇಲೆ. ಅವನ ಮಾತಿನ ಭಾರ ದೋಣಿಗೆ ಗೊತ್ತಿತ್ತು, ಹಿಂದೆ ಇಬ್ಬರು ಕೂತ ಮೈಭಾರ ಗೊತ್ತಿರಲಿಲ್ಲ. ದಡದ ಮರೆಯಲ್ಲಿ ನೀರು ಶಾಂತವಾಗಿದ್ದಷ್ಟು ಹೊತ್ತು ಯಾರಿಗೂ ತಿಳಿಯಲಿಲ್ಲ. ಅಳಿವೆಯ ಬಾಯಿಗೆ ಬಂದದ್ದೇ ತಡ, ಮಧ್ಯಾಹ್ನದ ಗಾಳಿ ಎದುರಿನಿಂದ ಬಂತು. ಮೂತಿ ಎದ್ದಿತು. ಬಿತ್ತು. ಮೆಲ್ಲಗೇ ಬಿತ್ತು, ಆದರೂ ಬಟ್ಟಲಿನ ಅಂಚಿನಿಂದ ನೀರು ತುಳುಕಿ ನನ್ನ ಪಾದಕ್ಕೆ ಬಿತ್ತು. ಅಂಗೈಯಲ್ಲಿ ಅಮ್ಮನ ದವಡೆ ಬಿಗಿಯಾಯಿತು.

"ವೇಗ ಇಳಿಸು!" ಎಂದ ಅಣ್ಣ. "ಇಳಿಸಬೇಡ! ಏರಿಸು! ಎಡಕ್ಕೆ ತಗೋ. ನಾನಾಗಿದ್ರೆ ಇಷ್ಟು ಹೊತ್ತಿಗೆ... ಅಯ್ಯೋ, ಪಿನ್! ಪಿನ್ ಬದಲಾಯಿಸು!"

ಪಿನ್ ಬದಲಾಯಿಸಲು ಮೋಟರ್ ಆರಿಸಬೇಕು. ಎಡಗಡೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಅಲೆ ತಡೆಯಲು ಹಾಕಿದ ಕಲ್ಲಿನ ಒಡ್ಡು. ಸೆಳೆತ ಅತ್ತ ಕಡೆಗೇ ಎಳೆಯುತ್ತಿತ್ತು. ಮೋಟರ್ ಆರಿದರೆ ಮತ್ತೆ ಹಗ್ಗ ಜಗ್ಗುವಷ್ಟರಲ್ಲಿ ನಾವು ಕಲ್ಲಿನ ಮೇಲೆ. ಆರಿಸದಿದ್ದರೆ ಮುಂದಿನ ಅಲೆ, ಅದರ ಮುಂದಿನದು, ಒಂದೊಂದೂ ಒಂದೊಂದು ಹೊಲಿಗೆಯ ಮೇಲೆ. ದೂರದಲ್ಲಿ ಬಿಳಿ ನೊರೆಯ ಸಾಲು ಕಾಣುತ್ತಿತ್ತು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ, ಯಾರನ್ನು ಎಂದು ತಿಳಿಯದೆ, ಬೇಡಿಕೊಂಡೆ.

ಅತ್ತಿಗೆ ಹಿಡಿಯಿಂದ ಬೆರಳು ತೆಗೆಯಲಿಲ್ಲ. ತಲೆಯನ್ನೂ ತಿರುಗಿಸಲಿಲ್ಲ.

"ರೀ, ಮುಂದೆ ಹೋಗಿ ಕೂತ್ಕೊಳ್ಳಿ."

"ಯಾರು, ನಾನಾ?"

"ನೀವೇ. ನಡುವಿನ ಹಲಗೆ ಅಲ್ಲ, ಕೊನೇದು. ನನ್ನದು."

ಅಣ್ಣ ಬಾಯಿ ತೆರೆದ. ಅತ್ತಿಗೆ ಅವನನ್ನು ನೋಡಿದರು ಅಷ್ಟೇ. ದೋಣಿಯ ಒಡೆಯ, ಕೈಗುಣದ ಕಣಜ, ಮೂವತ್ತು ವರ್ಷ ಹಿಂದಿನ ಸೀಟು ಬಿಟ್ಟು ಅಲ್ಲಾಡದ ನಮ್ಮಣ್ಣ, ಒಂದು ಕೈಯೂರಿ, ಅಂಬೆಗಾಲಿಡುತ್ತಾ, ಹಾಸಿಗೆ ದಾಟಿ, ಅಮ್ಮನ ಕಾಲು ದಾಟಿ, ಮುಂದಿನ ನುಣುಪು ಹಲಗೆಯ ಮೇಲೆ ಹೋಗಿ ಕೂತ. ಅಲ್ಲಿದ್ದ ಗುಂಡಿಯ ಡಬ್ಬಿಯನ್ನು ಎತ್ತಿ, ಬೇರೆ ಜಾಗವಿಲ್ಲದೆ, ಮಡಿಲಲ್ಲಿ ಇಟ್ಟುಕೊಂಡ.

ಮೂತಿ ಇಳಿಯಿತು.

ಇಳಿದದ್ದು ಮತ್ತೆ ಏಳಲಿಲ್ಲ. ಬಿಳಿ ನೊರೆಯ ಸಾಲು ಬಂತು. ದೋಣಿ ಅದರೊಳಗೆ ಕತ್ತರಿಯಂತೆ ಹೋಯಿತು. ನೀರು ಎರಡು ಭಾಗವಾಗಿ, ಬದಿಗೆ ಸರಿದು ನಿಂತು ನಮಗೆ ದಾರಿ ಬಿಟ್ಟಿತು ಎಂದರೆ ನೀವು ನಗಬಹುದು, ನಾನು ಅಲ್ಲಿದ್ದೆ. ಮೋಟರು ಗುನುಗುತ್ತಿತ್ತು. ಗಾಳಿ ಬೀಸುತ್ತಲೇ ಇತ್ತು, ಅಲೆಗಳು ಬರುತ್ತಲೇ ಇದ್ದವು. ಆದರೆ ಅವೆಲ್ಲ ಬೇರೆ ಯಾರದೋ ದೋಣಿಗೆ ಬಂದಂತಿದ್ದವು. ಪಕ್ಕದ ಬಟ್ಟಲು ನೋಡಿದೆ. ಅದರೊಳಗೆ ಒಂದು ಮೋಡ, ಮೋಡದ ಅಂಚಿಗೊಂದು ಹಕ್ಕಿ, ಚೌಕಟ್ಟು ಹಾಕಿದ ಚಿತ್ರದಷ್ಟು ನಿಶ್ಚಲವಾಗಿ ನಿಂತಿದ್ದವು. ಬೋರ್ಡು ಬರೆಯುವವನು ನಾನು; ಅಷ್ಟು ನೇರವಾದ ಗೆರೆಯನ್ನು ಎಂದೂ ಎಳೆದವನಲ್ಲ.

ಅಂಗೈಯಲ್ಲಿ ಅಮ್ಮನ ದವಡೆ ಸಡಿಲವಾಯಿತು.

"ಯಾಕೋ, ದೋಣಿ ನಿಂತುಬಿಡ್ತಾ? ಇನ್ನೂ ಕಟ್ಟೆ ಬಿಟ್ಟಿಲ್ವಾ?" ಎಂದಳು.

"ಅಳಿವೆ ಬಾಯಿ ದಾಟಿದ್ವಿ ಅಮ್ಮ."

ಅವಳು ದೂರಲು ಒಂದು ಅಲೆ ಹುಡುಕಿ, ಸಿಗದೆ, ಸೆರಗು ಸರಿಮಾಡಿಕೊಂಡಳು. ನಮ್ಮನೆಯ ಇತಿಹಾಸದಲ್ಲಿ ಅದೂ ಒಂದು ದಾಖಲೆ.

ವಾರ ಕಳೆದು ಡಾಕ್ಟರಮ್ಮ ದೀಪ ಹಿಡಿದು ನೋಡಿ, ಒಂದು ಹೊಲಿಗೆಯೂ ಅಲುಗಾಡಿಲ್ಲ ಎಂದರು. ಮಂಜು ಕರಗಲು ತಿಂಗಳುಗಳೇ ಹಿಡಿದವು. ಕರಗಿದ ದಿನ ಅಮ್ಮ ಮೊದಲು ನೋಡಿದ್ದು ಕಾಂಪೌಂಡಿನ ಗೋಡೆಯನ್ನು. "ನಾನು ಅಂದುಕೊಂಡಷ್ಟು ವಾಲಿಲ್ಲ" ಎಂದಳು. ಸೊಸೆಗೆ ಅವಳು ಕೊಟ್ಟ ಪ್ರಶಸ್ತಿಪತ್ರ ಇಷ್ಟೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ; ಇಬ್ಬರಿಗೂ ಒಂದೇ ಕಾಲ ಬಂದದ್ದು ನಮ್ಮಲ್ಲೇ ಇರಬೇಕು.

ಈಗ ಮೋಟರ್ ಅತ್ತಿಗೆಯದು. ಅಣ್ಣನ ಭುಜ ಸರಿಹೋಗಿದೆ, ಆದರೆ ಅವನು ಮುಂದಿನ ಹಲಗೆ ಬಿಟ್ಟು ಏಳುವುದಿಲ್ಲ. "ದೋಣಿಯ ಗುಟ್ಟೆಲ್ಲ ಇರೋದು ಇಲ್ಲಿ" ಎಂದು ಹಲಗೆ ತಟ್ಟಿ ತೋರಿಸುತ್ತಾನೆ. ಗುಂಡಿ ಹೊಲಿಯುವುದನ್ನೂ ಕಲಿತಿದ್ದಾನೆ. ಅಂಗಿಗಳು ಒಂದು ಗುಂಡಿ ಹೆಚ್ಚಾಗಿ ವಾಪಸ್ ಹೋಗುತ್ತವೆ. ಮತ್ತು ಅಂದಿನಿಂದಲೇ ಅತ್ತಿಗೆ ಲೋಕವನ್ನು ತೂಕ ನೋಡಿ ಕೂರಿಸಲು ಹೊರಟದ್ದು.

ಮೊನ್ನೆ ಸಂಜೆ ಅವರು ಕಟ್ಟೆಯ ಮೆಟ್ಟಿಲ ಮೇಲೆ ಕೂತು ಪಿನ್ನಿಗೆ ಗ್ರೀಸ್ ಹಚ್ಚುತ್ತಿದ್ದರು. ನನ್ನೊಳಗೆ ವರ್ಷಗಳಿಂದ ಕುದಿಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಅತ್ತಿಗೆ, ಅವತ್ತು ಅಳಿವೆ ಬಾಯಲ್ಲಿ, ಒಂದು ಕಡೆ ಕಲ್ಲು, ಒಂದು ಕಡೆ ಅಲೆ, ನಡುವೆ ಅಮ್ಮನ ಕಣ್ಣು. ರೆಪ್ಪೆ ಬಡಿಯೋದ್ರಲ್ಲಿ ಇಡೀ ದೋಣಿ ಭಾರ ಲೆಕ್ಕ ಹಾಕಿ, ಅಣ್ಣನ್ನ ಸರಿಯಾಗಿ ಆ ಹಲಗೆಗೇ ಕಳಿಸಿದ್ರಲ್ಲ. ಅದು ಹೇಗೆ ಹೊಳೀತು ನಿಮಗೆ?"

ಅತ್ತಿಗೆ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಒರೆಸಿದರು.

"ಲೆಕ್ಕ ಎಲ್ಲಿಂದ ಬಂತು? ಕಿವಿ ಪಕ್ಕ ಕೂತು ಒಂದೇ ಸಮ ಮಾತಾಡ್ತಿದ್ರು. ದೂರ ಕಳಿಸಿದೆ."